ಪ್ಯಾಂಕ್ರಿಯಾಸ್ ಕಲ್ಲಿಗೆ ಇನ್ನೊಂದು ಸ್ಟೆಂಟಾ, ಆಪರೇಷನ್ನಾ?

ಪ್ರಶ್ನೆ: ಡಾಕ್ಟ್ರೇ, ನಮ್ಮೆಜಮಾನ್ರಿಗೆ 42 ವರ್ಷ, ಪ್ಯಾಂಕ್ರಿಯಾಸ್ (ಮೇದೋಜ್ಜೀರಕ ಗ್ರಂಥಿ) ನಾಳದ ತುಂಬ ಕಲ್ಲಿದೆಯಂತೆ. ಊಟ ಮಾಡಿದ್ರೆ ಸಾಕು, ಹೊಟ್ಟೆನೋವು ಶುರುವಾಗಿ ಬೆನ್ನಿಗೆ ಹೋಗುತ್ತೆ. ಎರಡು ಸಲ ಎಂಡೋಸ್ಕೋಪಿ ಮಾಡಿ ನಾಳದೊಳಗೆ ಸ್ಟೆಂಟ್ ಅನ್ನೋ ಸಣ್ಣ ಕೊಳವೆ ಹಾಕಿದ್ರೂ ನೋವು ವಾಪಸ್ ಬಂತು. ಒಬ್ಬ ಡಾಕ್ಟ್ರು ಇನ್ನೊಂದು ಸ್ಟೆಂಟ್ ಅಂತಾರೆ, ಇನ್ನೊಬ್ರು ಆಪರೇಷನ್ ಅಂತಾರೆ. ನಂಗೆ ಆಪರೇಷನ್ ಅಂದ್ರೇನೇ ಭಯ.

ಉತ್ತರ: ಭಯ ಆಗೋದು ಸಹಜಾನಮ್ಮ, ಆದ್ರೆ ಎರಡು ಸಲ ಮಾಡ್ಸಿದ್ಮೇಲೂ ನೋವು ಬಂದಿದೆ ಅಂದ್ರೆ ಮೂರನೇ ಸ್ಟೆಂಟ್‌ಗೆ ಮುಂಚೆ ಪ್ಯಾಂಕ್ರಿಯಾಸ್ ಆಪರೇಷನ್ ಮಾಡಿ ಅನುಭವ ಇರೋ ಸರ್ಜನ್‌ನ ಒಂದ್ಸಲ ನೋಡಲೇಬೇಕು ಅಂತೀನಿ.

5 ಮಿ.ಮೀ.ಗಿಂತ ದೊಡ್ಡ ಕಲ್ಲನ್ನ ಎಂಡೋಸ್ಕೋಪಿಲಿ ಹಾಗೇ ಎಳೆದು ತೆಗೆಯೋದು ಕಷ್ಟ, ಅದಕ್ಕೇ ಮೊದ್ಲು ಹೊರಗಿಂದ ಶಾಕ್ ವೇವ್ ಕೊಟ್ಟು ಪುಡಿ ಮಾಡ್ತಾರೆ. ಕಲ್ಲು ಪ್ಯಾಂಕ್ರಿಯಾಸ್ ತಲೆಭಾಗದಲ್ಲಿ (ಸಣ್ಣಕರುಳಿಗೆ ಅಂಟಿರೋ ದಪ್ಪ ತುದಿ) ಒಂದೆರಡೇ ಇದ್ದು ನಾಳ ಕಿರಿದಾಗಿಲ್ದಿದ್ರೆ, ಅಥವಾ ಹಾರ್ಟು ಲಂಗ್ಸು ಆಪರೇಷನ್ ತಡ್ಕೊಳ್ಳೋ ಹಾಗಿಲ್ದಿದ್ರೆ, ಇದೇ ಒಳ್ಳೇ ದಾರಿ. ನಾಳದುದ್ದಕ್ಕೂ ಕಲ್ಲು ತುಂಬಿದ್ರೆ ಮಾತು ಬೇರೆ. ನೆದರ್ಲೆಂಡ್ಸ್‌ನಲ್ಲಿ 39 ಜನರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡು ವರ್ಷದ ಕೊನೆಗೆ ನೋವು ಪೂರ್ತಿನೋ ಸ್ವಲ್ಪನೋ ಕಮ್ಮಿ ಆಗಿದ್ದು ಆಪರೇಷನ್ ಆದವರಲ್ಲಿ ಶೇ. 75, ಎಂಡೋಸ್ಕೋಪಿ ಆದವರಲ್ಲಿ ಶೇ. 32. ಅಲ್ಲೇ 88 ಜನರ ಮೇಲೆ ನಡೆದ 2020ರ ಅಧ್ಯಯನದಲ್ಲೂ ಮೊದ್ಲು ಎಂಡೋಸ್ಕೋಪಿ ದಾರಿ ಹಿಡಿದವರಿಗಿಂತ ಬೇಗ ಆಪರೇಷನ್ ಮಾಡಿಸ್ಕೊಂಡವರಿಗೇ ಒಂದೂವರೆ ವರ್ಷದಲ್ಲಿ ಸರಾಸರಿ ನೋವು ಕಮ್ಮಿ ಇತ್ತು, ಆದ್ರೆ ವ್ಯತ್ಯಾಸ ಭಾರಿ ದೊಡ್ಡದೇನಲ್ಲ, ಅದನ್ನೂ ಹೇಳ್ಬಿಡ್ತೀನಿ. ಬೇಗ ಅಂತ ಯಾಕೆ ಒತ್ತಿ ಹೇಳ್ತೀನಿ ಅಂದ್ರೆ, ವರ್ಷಗಟ್ಲೆ ನೋವು ತಿಂದು ತಿಂದು ನರಗಳೇ ಸೂಕ್ಷ್ಮ ಆಗ್ಬಿಡುತ್ತೆ, ಆಮೇಲೆ ಕಲ್ಲು ತೆಗೆದ್ರೂ ನೋವು ಉಳ್ಕೊಬಹುದು.

ಈ ಆಪರೇಷನ್‌ನಲ್ಲಿ ಸಾಮಾನ್ಯವಾಗಿ ಇಡೀ ಪ್ಯಾಂಕ್ರಿಯಾಸ್ ತೆಗೆಯಲ್ಲಮ್ಮ. ಹಿಗ್ಗಿರೋ ನಾಳನ ಉದ್ದಕ್ಕೆ ಬಿಡಿಸಿ, ಕಲ್ಲು ತೆಗೆದು, ಸಣ್ಣಕರುಳಿಗೆ ಹೊಲೀತಾರೆ; ತಲೆಭಾಗ ಊದಿದ್ರೆ ಅಲ್ಲಿಂದ ಸ್ವಲ್ಪ ಕೆರೆದು ತೆಗೀತಾರೆ, ಅದನ್ನ ಫ್ರೇ ಆಪರೇಷನ್ ಅಂತಾರೆ. ಹೊಲಿಗೆ ಸೋರೋದು, ರಕ್ತಸ್ರಾವ, ಇನ್ಫೆಕ್ಷನ್ ರಿಸ್ಕ್ ಇದ್ದೇ ಇದೆ. ನಾಳ ಹಿಗ್ಗದೆ ಸಣ್ಣದಾಗೇ ಇದ್ರೆ ಈ ಆಪರೇಷನ್ ಅಷ್ಟು ಉಪಯೋಗಕ್ಕೆ ಬರಲ್ಲ, ಹಾಗಾಗಿ ಸ್ಕ್ಯಾನ್ ತಗೊಂಡು ಹೋಗಿ ನಾಳ ಎಷ್ಟು ಅಗಲ ಇದೆ, ತಲೆಭಾಗ ಊದಿದ್ಯಾ, ಕ್ಯಾನ್ಸರ್ ಅನುಮಾನ ಏನಾದ್ರೂ ಇದ್ಯಾ ಅಂತ ನೇರವಾಗೇ ಕೇಳಿ.

ಸಿಗರೇಟು, ಕುಡಿತ ಇದ್ರೆ ಇವತ್ತೇ ನಿಲ್ಲಿಸ್ಬೇಕು, ಯಾವ ಚಿಕಿತ್ಸೆ ಆದ್ರೂ. ಮಲದಲ್ಲಿ ಎಣ್ಣೆ ಥರ ಜಿಡ್ಡು ಹೋಗ್ತಿದ್ರೆ, ತೂಕ ಇಳೀತಿದ್ರೆ, ಊಟ ಜೀರ್ಣ ಆಗೋಕೆ ಕೊಡೋ ಎಂಜೈಮ್ ಕ್ಯಾಪ್ಸೂಲ್ ಬಗ್ಗೆ ಡಾಕ್ಟ್ರನ್ನ ಕೇಳಿ, ಅದನ್ನ ಊಟದ ಜೊತೆಗೇ ತಗೋಬೇಕು. ಶುಗರ್ ಟೆಸ್ಟೂ ಮಾಡ್ಸಿ, ಈ ಕಾಯಿಲೆಲಿ ಡಯಾಬಿಟೀಸ್ ಸದ್ದಿಲ್ದೆ ಬರುತ್ತೆ.