ಓರೊಂಗೊ ಗುಡ್ಡ ಮತ್ತು ಕೆಳಗಿನ ಮೂರು ನಡುಗಡ್ಡೆ

ಪ್ರಶ್ನೆ: ಅಣ್ಣನ ಜೊತೆ ಚಿಲಿಗೆ ಹೊರಟಿದ್ದೇನೆ. ಅಲ್ಲಿಂದ ಈಸ್ಟರ್ ದ್ವೀಪಕ್ಕೆ ಹೋಗಿ ಓರೊಂಗೊ ನೋಡಬೇಕು, ಅದರ ಕೆಳಗಿರುವ ನಡುಗಡ್ಡೆಗಳ ಸುತ್ತ ಡೈವಿಂಗ್ ಮಾಡಬೇಕು ಅಂತ ಆಸೆ. ಆನೆಗೊಂದಿ ಹೊಳೆಯಲ್ಲಿ ಈಜು ಕಲಿತವನು ನಾನು. ಎರಡೂ ಒಂದೇ ದಿನದಲ್ಲಿ ಮುಗಿಯುತ್ತದಾ?
(ಓದುಗ, ಗಂಗಾವತಿ)

ಉತ್ತರ: ಮುಗಿಸಬಹುದು, ಆದರೆ ಬೇಡ. ಒಂದು ಟಿಕೆಟ್‌ಗೆ ಓರೊಂಗೊ ಒಳಗೆ ಒಂದೇ ಸಲ ಬಿಡುತ್ತಾರೆ, ಜೊತೆಗೆ ಸ್ಥಳೀಯ ಗೈಡ್ ಇರಲೇಬೇಕು. ಮೋಡ ಕವಿದ ದಿನ ಹತ್ತಿದರೆ ಟಿಕೆಟ್ ಹೋಯಿತು ಅಷ್ಟೇ.

ಓರೊಂಗೊ ಇರುವುದು ರಾನೊ ಕೌ ಜ್ವಾಲಾಮುಖಿಯ ಅಂಚಿನಲ್ಲಿ. ಒಂದು ಕಡೆ ನೀರು ತುಂಬಿದ ಕುಳಿ, ಇನ್ನೊಂದು ಕಡೆ ಸುಮಾರು 300 ಮೀಟರ್ ಕೆಳಗೆ ಸಮುದ್ರ. ನಡುವೆ ಐವತ್ತಕ್ಕೂ ಜಾಸ್ತಿ ಕಲ್ಲುಮನೆಗಳು, ತೆವಳಿಕೊಂಡೇ ಹೋಗಬೇಕಾದಷ್ಟು ಸಣ್ಣ ಬಾಗಿಲು. ಚಪ್ಪಡಿ ಕಲ್ಲು ನೋಡಿದ ತಕ್ಷಣ ನಿಮಗೆ ನಿಮ್ಮೂರ ಹತ್ತಿರದ ಹಿರೇಬೆಣಕಲ್ ನೆನಪಾಗುತ್ತದೆ, ಆದರೆ ಅಲ್ಲಿನ ಮೋರ್ಯರ ಗುಡ್ಡದಲ್ಲಿರುವುದು ಸತ್ತವರ ಗೋರಿ, ಇಲ್ಲಿಯವು ವರ್ಷಕ್ಕೆ ಕೆಲವೇ ವಾರ, ಹಕ್ಕಿಮನುಷ್ಯನ ಆಚರಣೆಗೆ ಅಂತ ಜನ ಬಂದು ಉಳಿಯುತ್ತಿದ್ದ ಮನೆಗಳು. ಪ್ರತಿ ಮುಖಂಡನ ಪರವಾಗಿ ಒಬ್ಬ ಆ ಬಂಡೆ ಇಳಿದು, ಜೊಂಡಿನ ತೆಪ್ಪ ಹಿಡಿದು ಮೋಟು ನೂಯಿ ನಡುಗಡ್ಡೆಗೆ ಈಜಬೇಕು, ಹಕ್ಕಿ ಇಡುವ ಮೊದಲ ಮೊಟ್ಟೆಗೆ ಅಲ್ಲೇ ಕಾಯಬೇಕು, ಅದನ್ನು ಒಡೆಯದಂತೆ ತರಬೇಕು. ಈಜಿದವನು ಒಬ್ಬ, ಹಕ್ಕಿಮನುಷ್ಯನ ಪಟ್ಟ ಮಾತ್ರ ಮುಖಂಡನಿಗೆ! 1860ರ ದಶಕದಲ್ಲಿ ಇದು ನಿಂತುಹೋಯಿತು. ಅಲ್ಲಿದ್ದ ಒಂದು ಒಳ್ಳೆಯ ಮೋಆಯಿಯನ್ನು (ಈ ದ್ವೀಪದ ದೊಡ್ಡ ಕಲ್ಲಿನ ಮನುಷ್ಯಮೂರ್ತಿ) 1868ರಲ್ಲಿ ಬ್ರಿಟಿಷ್ ಹಡಗಿನವರು ಹೊತ್ತೊಯ್ದರು, ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಜಾಗ ಖಾಲಿ ಅನ್ನಿಸಿದರೆ ಅದೂ ಒಂದು ಕಾರಣ.

ಡೈವಿಂಗ್‌ಗೆ ಹಂಗಾ ರೋವಾ ಊರಿಂದ ದೋಣಿ ಸಿಗುತ್ತದೆ. ನಡುಗಡ್ಡೆ ಮೇಲೆ ಇಳಿಯುವ ಯೋಚನೆ ಬಿಡಿ, ಅದು ಹಕ್ಕಿಗಳ ಜಾಗ. ನೀರಿನಿಂದ ಸುಮಾರು 20 ಮೀಟರ್ ಮೇಲೆದ್ದು ಗೂಟದ ಹಾಗೆ ನಿಂತಿರುವ ಮೋಟು ಕಾವೊ ಕಾವೊ ನಡುಗಡ್ಡೆಯ ಪಕ್ಕದಲ್ಲೇ ಮುಳುಗುತ್ತಾರೆ, ಆ ಗೋಡೆ ಕೆಳಗೆ ಇಳಿಯುತ್ತಲೇ ಹೋಗುತ್ತದೆ. ದ್ವೀಪದಲ್ಲಿ ಹರಿಯುವ ಹೊಳೆಯೇ ಇಲ್ಲ, ಕೆಸರು ಬರುವುದಿಲ್ಲ, ನೀರು ಗಾಜಿನಂತೆ. ನಮ್ಮ ತುಂಗಭದ್ರೆಯ ಮಳೆಗಾಲದ ನೀರು ಕಂಡವರಿಗೆ ಹುಚ್ಚೇ ಹಿಡಿಯಬಹುದು. ಮೀನಿನ ರಾಶಿ ಮಾತ್ರ ಹುಡುಕಬೇಡಿ.

ಹೊಳೆಯ ಈಜು ಬೇರೆ, ಸಿಲಿಂಡರ್ ಬೆನ್ನಿಗೆ ಕಟ್ಟಿ ಕಿವಿಯ ಒತ್ತಡ ಸಂಭಾಳಿಸುವುದು ಬೇರೆ. ಮೊದಲು ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಒಂದೆರಡು ಸಲ ಮುಳುಗಿ ನೋಡಿ. ಮತ್ತೆ, ಡೈವಿಂಗನ್ನು ಪ್ರವಾಸದ ಮೊದಲಿಗೇ ಇಟ್ಟುಕೊಳ್ಳಿ, ಗುಡ್ಡ ಆಮೇಲೆ. ಹಲವು ಸಲ ಮುಳುಗಿದ ಮೇಲೆ ವಿಮಾನ ಹತ್ತಲು ಕನಿಷ್ಠ 18 ಗಂಟೆ ಬಿಡಬೇಕು, ಸಾಂಟಿಯಾಗೊಗೆ ವಾಪಸ್ ಬರಲು ಬೇರೆ ದಾರಿ ಇಲ್ಲವಲ್ಲ.