ಗಾರ್ಡುಗಳ ಸಂಖ್ಯೆ ಹೆಚ್ಚಿಸಿದರೆ ಹುಲಿಗೆ ವಿಷವಿಡುವುದು ನಿಲ್ಲುತ್ತದೆಯೇ?

ಗೋವಾದ ಮಹದಾಯಿ ಅಭಯಾರಣ್ಯಕ್ಕೆ ಇನ್ನಷ್ಟು ಗಾರ್ಡುಗಳನ್ನು ಕೊಟ್ಟರೆ 2020ರಂಥ ಘಟನೆ ಮರುಕಳಿಸುವುದಿಲ್ಲವೇ ಎಂದು ತಾವು ಕೇಳಿದ್ದೀರಿ. ಗಾರ್ಡುಗಳು ಬೇಕೇ ಬೇಕು, ಆದರೆ ಅಷ್ಟರಿಂದಲೇ ಆಗುವುದಿಲ್ಲ ಎಂಬುದು ಖಾನಾಪುರದಿಂದ ಬಂದು ಹದಿನಾರು ವರ್ಷಗಳಿಂದ ಆ ಅಭಯಾರಣ್ಯದ ಹತ್ತಿರದ ವಾಳಪೈಯಲ್ಲಿ ಹಿಂಡಿ-ಬೂಸಾ ಅಂಗಡಿ ನಡೆಸುತ್ತಿರುವ ನನ್ನ ಅನಿಸಿಕೆ.

ಆ ವರ್ಷದ ಜನವರಿಯಲ್ಲಿ ಸತ್ತರಿ ತಾಲ್ಲೂಕಿನ ಗೋಳಾವಳಿಯಲ್ಲಿ ಒಂದು ತಾಯಿಹುಲಿಯೂ ಅದರ ಮೂರು ಮರಿಗಳೂ ಸತ್ತವು. ದನದ ಕಳೇಬರಕ್ಕೆ ವಿಷ ಹಾಕಿದ ಆರೋಪದ ಮೇಲೆ ಬಂಧಿತರಾದವರು ಊರಿನವರೇ. ಹುಲಿ ತಾನು ಕೊಂದದ್ದನ್ನು ಒಂದೇ ಹೊತ್ತಿಗೆ ತಿಂದು ಮುಗಿಸುವುದಿಲ್ಲ; ಮತ್ತೆ ಅಲ್ಲಿಗೇ ಬರುತ್ತದೆ, ಮರಿಗಳಿದ್ದರೆ ಅವನ್ನೂ ಕರೆತರುತ್ತದೆ. ಹೀಗಾಗಿ ಬಂದೂಕು, ಉರುಳು ಏನೂ ಇಲ್ಲದೆ, ಬೆಳೆಗೆ ಹೊಡೆಯುವ ಔಷಧಿಯಿಂದಲೇ ಇಡೀ ಸಂಸಾರ ಅಳಿದುಹೋಗಬಹುದು. ಗಸ್ತು ತಿರುಗುವವರು ಬೇಟೆಗಾರನನ್ನು ಗುರುತಿಸಿಯಾರು, ಆದರೆ ತನ್ನ ದನವನ್ನು ಹುಡುಕುತ್ತ ಹೋಗುವವನನ್ನು ಯಾವ ಕಾರಣಕ್ಕೆ ತಡೆದಾರು?

ನನ್ನ ಗಿರಾಕಿಯೊಬ್ಬರ ಕರೆಯುವ ಎಮ್ಮೆಯನ್ನು ಕಾಡಂಚಿನಲ್ಲಿ ಮೃಗ ಹಿಡಿದಾಗ ನಾನೂ ಜೊತೆಗೆ ಹೋಗಿದ್ದೆ. ಕೊರಳಿನ ಹಗ್ಗ ಹಾಗೆಯೇ ಇತ್ತು, ಕೆಚ್ಚಲು ಇನ್ನೂ ತುಂಬಿತ್ತು. ಪಂಚನಾಮೆಗೆ ಬರಬೇಕಾದವರು ಬಂದದ್ದು ಮೂರನೆಯ ದಿನ. ಅಷ್ಟರಲ್ಲಿ ನಾಯಿಗಳು ಎಳೆದಾಡಿ ಹಲ್ಲಿನ ಗುರುತೇ ಉಳಿದಿರಲಿಲ್ಲ, ಗುರುತಿಲ್ಲವೆಂದು ಪರಿಹಾರವೂ ಸಿಗಲಿಲ್ಲ. ಹಿಂಡಿಯ ಬಾಕಿ ಎಷ್ಟಾಯಿತೆಂದು ಆ ಮನೆಯಾಕೆ ಕೇಳಿದಾಗ ನನಗೆ ಮಾತೇ ಹೊರಡಲಿಲ್ಲ. ವಿಷದ ಬಾಟಲಿ ಕೈಗೆ ಬರುವುದು ಇಂಥ ಮೂರು ದಿನಗಳಲ್ಲಿಯೇ.

ಕಾನೂನು ಸಡಿಲವಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ವಿಷವಿಡುವುದೂ ಬೇಟೆಯೇ. ಹುಲಿಯ ವಿಷಯದಲ್ಲಿ 3ರಿಂದ 7 ವರ್ಷ ಜೈಲು, 2022ರ ತಿದ್ದುಪಡಿಯ ನಂತರ ಕನಿಷ್ಠ 25,000 ರೂಪಾಯಿ ದಂಡ. ಅಧಿಕಾರಿಗಳು ಸುಮ್ಮನಿದ್ದರೆ 60 ದಿನಗಳ ನೋಟಿಸು ಕೊಟ್ಟು ಸಾಮಾನ್ಯ ನಾಗರಿಕರೂ ನೇರವಾಗಿ ನ್ಯಾಯಾಲಯಕ್ಕೆ ದೂರು ಕೊಡಬಹುದು ಎಂಬುದು ಬಹಳ ಜನರಿಗೆ ತಿಳಿದಿಲ್ಲ.

ಮಹದಾಯಿಯನ್ನು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲು ಮುಂಬಯಿ ಹೈಕೋರ್ಟಿನ ಗೋವಾ ಪೀಠ 2023ರ ಜುಲೈಯಲ್ಲಿ ಆದೇಶಿಸಿತು, ಸರ್ಕಾರ ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿತು. ಘೋಷಣೆಯಾಗಲೇಬೇಕೆಂದು ನಾನು ಬಯಸುತ್ತೇನೆ. ಆದರೆ ಅದರೊಡನೆ, ದನ ಸತ್ತ ದಿನವೇ ಬಂದು ಕಳೇಬರವನ್ನು ಕಾವಲಿಗೆ ತೆಗೆದುಕೊಂಡು, ಪರಿಹಾರದ ಒಂದು ಪಾಲನ್ನಾದರೂ ಅಲ್ಲಿಯೇ ಕೊಡುವ ತಂಡವೂ ಬೇಕು. ಸದ್ಯಕ್ಕೆ ನಾನು ಅರಣ್ಯ ಕಚೇರಿಯ ನಂಬರನ್ನು ಅಂಗಡಿಯ ಗೋಡೆಯ ಮೇಲೆ ಬರೆಸಿದ್ದೇನೆ. ದನ ಸತ್ತದ್ದು ಕಂಡರೆ ಮುಟ್ಟದೆ ಫೋಟೊ ತೆಗೆದು, ಅಲ್ಲಿಂದಲೇ ಫೋನ್ ಮಾಡಿ ಎಂದು ಹಿಂಡಿ ಒಯ್ಯುವವರಿಗೆಲ್ಲ ಹೇಳುತ್ತೇನೆ.