ತಾಯಿ 14 ಲೀಟರ್, ಮಗಳು 7: ಎಮ್ಮೆಗೆ ಜೀನ್ ಪರೀಕ್ಷೆ ಮಾಡಿಸಬೇಕಾ?

ಪ್ರಶ್ನೆ: ನಮ್ಮ ಮುರ್ರಾ ಎಮ್ಮೆ ಮೂರನೇ ಸೂಲಿನಲ್ಲಿ ದಿನಕ್ಕೆ 14 ಲೀಟರ್ ಕರೆಯುತ್ತಿತ್ತು. ಅದರ ಮಗಳು ಈಗ ಚೊಚ್ಚಲ ಕರು ಹಾಕಿದೆ, 7 ಲೀಟರ್ ದಾಟುತ್ತಿಲ್ಲ. ಇನ್ನೊಂದು ಹೆಣ್ಣು ಕರು ಬೆಳೆಯುತ್ತಿದೆ. ಬಾಲದ ಕೂದಲು ಕೊಟ್ಟರೆ ಡಿಎನ್‌ಎ ನೋಡಿ ಮುಂದೆ ಎಷ್ಟು ಹಾಲು ಕೊಡುತ್ತದೆ ಅಂತ ಹೇಳುತ್ತೇವೆ ಎಂದು ಒಬ್ಬರು ಬಂದಿದ್ದರು. ಹಸುವಿನ ಪರೀಕ್ಷೆಯೇ ಎಮ್ಮೆಗೂ ಸಾಕಂತೆ. ಮಾಡಿಸಲಾ?

ಉತ್ತರ: ಬೇಡ, ಹಸುವಿನ ಪರೀಕ್ಷೆಯನ್ನಂತೂ ಮಾಡಿಸಲೇಬೇಡಿ. ಅದಕ್ಕೂ ಮೊದಲು ಆ ಮಗಳನ್ನು ಬೈಯುವುದು ನಿಲ್ಲಿಸಿ. ತಾಯಿಯ ಮೂರನೇ ಸೂಲನ್ನು ಮಗಳ ಮೊದಲ ಸೂಲಿಗೆ ಹೋಲಿಸಿದ್ದೀರಿ, ಅದು ಸರಿಯಲ್ಲ. ಚೊಚ್ಚಲಲ್ಲಿ ಹಾಲು ಕಡಿಮೆಯೇ ಇರುತ್ತದೆ, ಮೂರನೇ ನಾಲ್ಕನೇ ಸೂಲಿನ ತನಕ ಏರುತ್ತಾ ಹೋಗುತ್ತದೆ.

ಇನ್ನು ಲೆಕ್ಕ ನೋಡೋಣ. ಒಂದೇ ಕೊಟ್ಟಿಗೆಯ ಎಮ್ಮೆಗಳ ನಡುವೆ ಹಾಲಿನಲ್ಲಿ ಕಾಣುವ ವ್ಯತ್ಯಾಸದಲ್ಲಿ ಸುಮಾರು ಕಾಲು ಭಾಗ ಮಾತ್ರ ಹುಟ್ಟಿನಿಂದ ಬಂದದ್ದು. ಉಳಿದದ್ದು ಮೇವು, ಆರೋಗ್ಯ, ಸೆಕೆ, ಕರು ಹಾಕಿದ ಕಾಲ. ನಿಮ್ಮಲ್ಲಿ ಸರಾಸರಿ 8 ಲೀಟರ್ ಅಂದುಕೊಳ್ಳಿ. 14 ಲೀಟರಿನ ತಾಯಿ 6 ಲೀಟರ್ ಮುಂದಿದ್ದಾಳೆ. ಅದರ ಕಾಲು ಭಾಗ ಒಂದೂವರೆ ಲೀಟರ್, ಮಗಳಿಗೆ ಹೋಗುವುದು ಅದರಲ್ಲೂ ಅರ್ಧ, ಅಂದರೆ ಮುಕ್ಕಾಲು ಲೀಟರ್! ಇನ್ನರ್ಧ ಬರುವುದು ಕೋಣದಿಂದ. ಆ ಕೋಣ ಯಾವುದು, ಅದರ ತಾಯಿ ಎಷ್ಟು ಕರೆದಿತ್ತು ಅಂತ ನೀವು ಬರೆದೇ ಇಲ್ಲ. ಎಲ್ಲರೂ ಮರೆಯುವುದು ಅದನ್ನೇ.

ಹಸುವಿನ ಪರೀಕ್ಷೆ ಯಾಕೆ ಬೇಡ? ಹಸುಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಬದಲಾಗುವ ಡಿಎನ್‌ಎ ಗುರುತುಗಳನ್ನು ಆರಿಸಿ ಆ ಪರೀಕ್ಷೆ ಮಾಡಿದ್ದಾರೆ. ಆ ಗುರುತುಗಳಲ್ಲಿ ಹೆಚ್ಚಿನವು ಎಮ್ಮೆಗಳಲ್ಲಿ ಬದಲಾಗುವುದೇ ಇಲ್ಲ. ಡಿಜಿಎಟಿ1 ಅನ್ನುವ ಜೀನ್ ತೆಗೆದುಕೊಳ್ಳಿ. ಹಸುಗಳಲ್ಲಿ ಅದಕ್ಕೆ ಎರಡು ರೂಪ, ಒಂದರಲ್ಲಿ ಹಾಲಿನ ಕೊಬ್ಬು ಜಾಸ್ತಿ. ಪರೀಕ್ಷೆ ಮಾಡಿದ ಎಮ್ಮೆ ತಳಿಗಳಲ್ಲೆಲ್ಲ ಆ ಕೊಬ್ಬು ಹೆಚ್ಚಿಸುವ ರೂಪವೇ ಸಿಕ್ಕಿದೆ. ಎಲ್ಲರಿಗೂ ಒಂದೇ ಉತ್ತರ ಬರುವ ಪರೀಕ್ಷೆಗೆ ಸುಮ್ನೆ ದುಡ್ಡು ಯಾಕೆ? ಎ2 (ಹಾಲಿನ ಪ್ರೋಟೀನಿನ ಒಂದು ಬಗೆ) ಪರೀಕ್ಷೆಯೂ ಹಾಗೇ, ಎಮ್ಮೆ ಹಾಲು ಸಾಮಾನ್ಯವಾಗಿ ಎ2 ಆಗಿಯೇ ಇರುತ್ತದೆ.

ಎಮ್ಮೆಗೇ ಅಂತ ಮಾಡಿದ ಪರೀಕ್ಷೆಯೂ ಇದೆ, ಸುಮಾರು 90,000 ಗುರುತುಗಳನ್ನು ಓದುತ್ತದೆ. 2019ರಲ್ಲಿ ಒಲಿಂಪಿಯಾ ಎಂಬ ಮೆಡಿಟರೇನಿಯನ್ ಎಮ್ಮೆಯ ಪೂರ್ತಿ ಜೀನೋಮ್, ಅಂದರೆ ಇಡೀ ಡಿಎನ್‌ಎಯನ್ನು ಒಂದೊಂದು ಕ್ರೋಮೋಸೋಮಿನ (ಡಿಎನ್‌ಎ ಸುತ್ತಿಕೊಂಡಿರುವ ಕಟ್ಟು) ಮಟ್ಟಕ್ಕೆ ಜೋಡಿಸಿದರು, ನನಗೆ ಬಹಳ ಖುಷಿ ಕೊಟ್ಟ ಕೆಲಸ ಅದು. ಆದರೆ ಗುರುತು ಓದಿದ ಮಾತ್ರಕ್ಕೆ ಹಾಲು ಎಷ್ಟು ಅಂತ ಗೊತ್ತಾಗಲ್ಲ. ಸಾವಿರಾರು ಎಮ್ಮೆಗಳ ಡಿಎನ್‌ಎ ಜೊತೆಗೆ ಅವುಗಳ ಹಾಲಿನ ದಾಖಲೆ ಇರಬೇಕು, ಅದೂ ಅದೇ ತಳಿಯದ್ದು, ಆಗ ಮಾತ್ರ ಯಾವ ಗುರುತಿಗೆ ಎಷ್ಟು ಬೆಲೆ ಅಂತ ಲೆಕ್ಕ ಹಾಕಬಹುದು. ಮುಂದಿನ ಸಲ ಅವರು ಬಂದಾಗ ಕೇಳಿ: ಎಷ್ಟು ಮುರ್ರಾ ಎಮ್ಮೆಗಳ ಹಾಲು ಅಳೆದು ಈ ಲೆಕ್ಕ ಮಾಡಿದ್ದೀರಿ?

ಈ ಪರೀಕ್ಷೆ ನಿಜವಾಗಿ ಕೆಲಸಕ್ಕೆ ಬರುವುದು ಕೋಣ ಆರಿಸುವಾಗ. ಹಳೇ ಪದ್ಧತಿಯಲ್ಲಿ ಕೋಣ ಬೆಳೆದು, ಅದರ ಹೆಣ್ಣು ಕರುಗಳು ಬೆಳೆದು, ಅವು ಕರು ಹಾಕಿ ಹಾಲು ಕೊಡುವ ತನಕ ಏಳೆಂಟು ವರ್ಷ ಕಾಯಬೇಕು. ಗಂಡು ಕರುವಿನ ಡಿಎನ್‌ಎ ನೋಡಿ ಅಂದಾಜು ಸಿಕ್ಕರೆ ಅಷ್ಟೂ ವರ್ಷ ಉಳಿಯಿತು ಅಲ್ವಾ? ಕರುವಿನ ಅಪ್ಪ ಯಾರು ಅನ್ನುವ ಅನುಮಾನ ಇದ್ದರೂ ಡಿಎನ್‌ಎಯಿಂದ ಗೊತ್ತಾಗುತ್ತದೆ.

ಸದ್ಯಕ್ಕೆ ನಿಮ್ಮ ಹೆಣ್ಣು ಕರುವನ್ನು ಮಾರಬೇಡಿ. ತಿಂಗಳಿಗೊಂದು ದಿನ ಎರಡೂ ಹೊತ್ತಿನ ಹಾಲು ಅಳೆದು ಬರೆದಿಡಿ. ವೀರ್ಯದ ಕಡ್ಡಿಯ ಮೇಲೆ ಕೋಣದ ನಂಬರ್ ಇರುತ್ತದೆ, ಅದನ್ನೂ ಬರೆದುಕೊಳ್ಳಿ.

ಪ್ರಶ್ನೆ: ಎಮ್ಮೆಗೆ ಹಸುವಿನ ಹೋರಿಯಿಂದ ಕರು ಹುಟ್ಟಿಸಬಹುದಾ?

ಉತ್ತರ: ಆಗಲ್ಲ. ಹಸುವಿಗೆ 60 ಕ್ರೋಮೋಸೋಮ್, ಮುರ್ರಾದಂತಹ ನದಿ ಎಮ್ಮೆಗೆ 50. ವಿಚಿತ್ರ ಅಂದರೆ ಹಸುವಿನ ಹತ್ತು ಜೋಡಿಗಳು ಎರಡೆರಡಾಗಿ ಅಂಟಿಕೊಂಡು ಎಮ್ಮೆಯಲ್ಲಿ ಐದು ಜೋಡಿ ಆಗಿವೆ, ಉಳಿದವು ಹೆಚ್ಚುಕಡಿಮೆ ಹಾಗೇ ಹೊಂದುತ್ತವೆ. ಎಮ್ಮೆಯ ಇನ್ನೊಂದು ಬಗೆಯಾದ ಜೌಗು ಎಮ್ಮೆಗೆ 48 ಇದೆ. ನದಿ ಎಮ್ಮೆ, ಜೌಗು ಎಮ್ಮೆ ಕೂಡಿದರೆ 49 ಇರುವ ಕರು ಹುಟ್ಟುತ್ತದೆ, ದೊಡ್ಡದಾಗಿ ಮರಿಯನ್ನೂ ಮಾಡುತ್ತದೆ, ಆದರೆ ಗಬ್ಬ ನಿಲ್ಲುವುದು ಸ್ವಲ್ಪ ಕಡಿಮೆ ಆಗಬಹುದು.